ಬಟ್ಟೆ ನೋಡಿ ಪಳಗಿದ ಕಣ್ಣು

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ರಿಚರ್ಡ್ ಅವೆಡನ್‌ಗೆ ಅಷ್ಟೊಂದು ಪುಟ ಯಾಕೆ? ಆತ ಶ್ರೀಮಂತರ ಬಟ್ಟೆ ಮಾರಲು ಫೋಟೋ ತೆಗೆದವನು. ಆಮೇಲೆ ಕೂಲಿಕಾರರ ಮುಖ ತೆಗೆದ ಮಾತ್ರಕ್ಕೆ ದೊಡ್ಡವನಾಗಿಬಿಟ್ಟನೇ?

ಉತ್ತರ: ನಿಮ್ಮ ಸಿಟ್ಟು ಇಷ್ಟವಾಯಿತು. ಪುಟ ತಿರುಗಿಸಿ ಸುಮ್ಮನಾಗುವ ಓದುಗರೇ ಜಾಸ್ತಿ, ನೀವು ಕಾಗದ ಬರೆದಿರಿ. ಫ್ಯಾಷನ್ ಫೋಟೋ ಇರುವುದೇ ಮಾರಾಟಕ್ಕೆ ಅನ್ನುವುದೂ ನಿಜ. ಆದರೆ ಅಲ್ಲಿಗೇ ನಿಂತುಬಿಟ್ಟಿರಲ್ಲ!

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವ್ಯಾಪಾರಿ ನೌಕಾದಳದಲ್ಲಿ ಅವೆಡನ್‌ಗೆ ಇದ್ದ ಕೆಲಸ ನಾವಿಕರ ಗುರುತಿನ ಚೀಟಿಗೆ ಫೋಟೋ ತೆಗೆಯುವುದು. ಸಾಲಾಗಿ ಮುಖಗಳು, ಅಷ್ಟೇ. ಆಮೇಲೆ ಹಾರ್ಪರ್ಸ್ ಬಜಾರ್ ಎಂಬ ಫ್ಯಾಷನ್ ಪತ್ರಿಕೆ ಸೇರಿ ಕಲಾ ನಿರ್ದೇಶಕ ಅಲೆಕ್ಸಿ ಬ್ರೊಡೊವಿಚ್ ಕೈಕೆಳಗೆ ಪಳಗಿದ. 1955ರಲ್ಲಿ ಪ್ಯಾರಿಸ್‌ನ ಸರ್ಕಸ್ಸೊಂದರಲ್ಲಿ ಡೊವಿಮಾ ಎಂಬ ರೂಪದರ್ಶಿಯನ್ನು ಆನೆಗಳ ನಡುವೆ ನಿಲ್ಲಿಸಿದ. ಮೈಮೇಲೆ ಪ್ಯಾರಿಸ್‌ನ ಫ್ಯಾಷನ್ ಸಂಸ್ಥೆ ಡಿಯೋರ್‌ನ ಕಪ್ಪು ಗೌನು, ಅದಕ್ಕೊಂದು ಉದ್ದನೆಯ ಬಿಳಿ ಸೊಂಟಪಟ್ಟಿ. ಆನೆಗಳ ಕಾಲಿಗೆ ಸರಪಳಿ. ಜಗತ್ತೆಲ್ಲ ಹೊಗಳಿದ ಚಿತ್ರ. ಆತನಿಗೋ, ಆ ಪಟ್ಟಿ ಎಡಕ್ಕೆ ಹಾರಿದ್ದರೆ ಚೆನ್ನಾಗಿತ್ತು ಅನ್ನುವ ಕೊರಗು!

ಇದೇ ಕಣ್ಣು 1979ರಿಂದ 84ರವರೆಗೆ ಅಮೆರಿಕದ ಪಶ್ಚಿಮ ಭಾಗವನ್ನು ಸುತ್ತಿತು. ಗಣಿಯವರು, ತೈಲಬಾವಿಯವರು, ಊರೂರು ಅಲೆಯುವವರು, ಒಟ್ಟು 700ಕ್ಕೂ ಹೆಚ್ಚು ಜನ. ಹಿಂದೆ ಬಿಳಿ ಕಾಗದ ಕಟ್ಟಿ, ಬಿಸಿಲು ಬೀಳದ ಕಡೆ ನಿಲ್ಲಿಸಿ, 8x10 ಇಂಚಿನ ಫಿಲ್ಮಿನ ದೊಡ್ಡ ಕ್ಯಾಮೆರಾದಲ್ಲಿ ತೆಗೆದ. ತಾನು ಕ್ಯಾಮೆರಾದ ಹಿಂದೆ ಅಡಗಲಿಲ್ಲ, ಲೆನ್ಸ್ ಪಕ್ಕದಲ್ಲೇ ಮುಖಾಮುಖಿ ನಿಂತ. ಆ ಚಿತ್ರಗಳಲ್ಲಿ ಅಂಗಿಗೆ ಮೆತ್ತಿದ ಮಸಿ, ಜೋತುಬಿದ್ದ ಕಾಲರ್ ನೋಡಿ. ಬಟ್ಟೆ ಮೈಮೇಲೆ ಹೇಗೆ ಕೂರುತ್ತದೆ ಎಂದು 30 ವರ್ಷ ನೋಡಿದವನಿಗೆ ಅಲ್ಲದೆ ಇನ್ಯಾರಿಗೆ ಇವೆಲ್ಲ ಕಾಣಬೇಕು?

ಇನ್ನೊಬ್ಬ ಫ್ಯಾಷನ್ ಫೋಟೋಗ್ರಾಫರ್ ಇರ್ವಿಂಗ್ ಪೆನ್ ಕೂಡ ಹಾಗೇ. 1950ರಲ್ಲಿ ಪ್ಯಾರಿಸ್‌ನ ಒಂದೇ ಸ್ಟುಡಿಯೋದಲ್ಲಿ ವೋಗ್ ಪತ್ರಿಕೆಗಾಗಿ ದುಬಾರಿ ಗೌನುಗಳನ್ನೂ ತೆಗೆದ, ಬೀದಿಯ ಕಸುಬುದಾರರನ್ನೂ ತೆಗೆದ. ಹಿಂದಿದ್ದದ್ದು ನಾಟಕಶಾಲೆಯ ಹಳೇ ಪರದೆ. ಬೆಳಕೂ ಅದೇ, ಮರ್ಯಾದೆಯೂ ಅದೇ. ನೀವು ಮಾತ್ರ ಒಂದನ್ನು ಕಲೆ ಅಂತೀರಿ, ಇನ್ನೊಂದನ್ನು ಅಂಗಡಿ ಅಂತೀರಿ. ಇದು ಸರೀನಾ?

ನಿಮ್ಮೊಬ್ಬರ ತಪ್ಪಲ್ಲ ಬಿಡಿ. ಫೋಟೋಗ್ರಾಫರ್ ಅಂದರೇ ನಮ್ಮ ಜನಕ್ಕೆ ಸಸಾರ. ಒಳ್ಳೆ ಚಿತ್ರ ತೋರಿಸಿದರೆ "ಯಾವ ಕ್ಯಾಮೆರಾ?" ಅಂತಾರೆ. ಅಡುಗೆ ಮೆಚ್ಚಿ ಪಾತ್ರೆಯ ಕಂಪನಿ ಕೇಳಿದ ಹಾಗೆ! ಪತ್ರಿಕೆಯವರೂ ಕಡಿಮೆಯೇನಲ್ಲ. ಲೇಖಕನ ಹೆಸರು ದಪ್ಪಕ್ಷರದಲ್ಲಿ, ಫೋಟೋ ಕೆಳಗೆ "ಸಂಗ್ರಹ ಚಿತ್ರ". ಸಂಗ್ರಹಕ್ಕೆ ಕೈ ಇದೆಯಾ ಬಟನ್ ಒತ್ತಲು? ಸಂಭಾವನೆಯ ಮಾತೆತ್ತಿದರೆ "ಒಂದು ಫೋಟೋ ತಾನೇ" ಎಂಬ ಉತ್ತರ ಬೇರೆ.

ಅಂದಹಾಗೆ, ಕಾಗದದ ಜೊತೆ ನೀವು ಕಳಿಸಿದ ನಿಮ್ಮ ಭಾವಚಿತ್ರ ಬಹಳ ಚೆನ್ನಾಗಿದೆ. ತೆಗೆದವರ ಹೆಸರು ಬರೆದಿಲ್ಲ. ತಿಳಿಸಿ, ಚಿತ್ರದ ಕೆಳಗೇ ಹಾಕೋಣ.