ಪೆನಿಸಿಲಿನ್ ಕೊಟ್ರೂ ಹಂದಿ ಕೆಮ್ಮು ಯಾಕೆ ನಿಲ್ತಿಲ್ಲ
ನಿಮ್ಮ ಹಂದಿಗಳಿಗೆ ವಾರಗಟ್ಲೆ ಒಣಕೆಮ್ಮು, ಪೆನಿಸಿಲಿನ್ ಹಾಕಿಸಿದ್ರೂ ಕಮ್ಮಿ ಆಗಿಲ್ಲ, ಆದ್ರೂ ಮೇವು ತಿಂತಿವೆ ಅಂದ್ರಲ್ಲ, ನಂಗೆ ಮೊದಲು ಡೌಟ್ ಬರೋದು ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೇ ಮೇಲೆ. ಈ ಬ್ಯಾಕ್ಟೀರಿಯಾಗೆ ಸೆಲ್ ವಾಲೇ (ಜೀವಕೋಶದ ಹೊರಗೋಡೆ) ಇಲ್ಲ, ಪೆನಿಸಿಲಿನ್ ಕೆಡಿಸೋದೇ ಆ ಗೋಡೆ ಕಟ್ಟೋ ಕೆಲಸನ, ಹಂಗಾಗಿ ಡೋಸ್ ಎಷ್ಟು ಏರಿಸಿದ್ರೂ ವೇಸ್ಟ್. ಇದು ಶ್ವಾಸನಾಳದ ಒಳಗಿನ ಸಣ್ಣ ರೋಮಗಳಿಗೆ ಅಂಟ್ಕೊಂಡು ಅವನ್ನ ಹಾಳು ಮಾಡುತ್ತೆ, ಕಫ ಹೊರಗೆ ತಳ್ಳೋಕೆ ಯಾರೂ ಇಲ್ದಂಗಾಗಿ ಪಾಶ್ಚುರೆಲ್ಲಾ ಥರದ ಬೇರೆ ಬ್ಯಾಕ್ಟೀರಿಯಾಗಳು ನುಗ್ತವೆ, ನ್ಯುಮೋನಿಯಾ ಜೋರಾಗೋದು ಆಗ್ಲೇ. ಟಯಾಮುಲಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ಸ್ ಕೆಲಸ ಮಾಡ್ತವೆ, ಆದ್ರೆ ವೆಟ್‌ಗೆ ತೋರಿಸಿ ಪಿಸಿಆರ್ (ರೋಗಾಣು ಯಾವುದು ಅಂತ ಹುಡುಕೋ ಲ್ಯಾಬ್ ಟೆಸ್ಟ್) ಮಾಡಿಸಿ ಆಮೇಲೆ ಶುರು ಮಾಡಿ. ಫೀಡಲ್ಲಿ ಬೆರೆಸೋ ಮೊನೆನ್ಸಿನ್, ಸಲಿನೋಮೈಸಿನ್ ಥರದ ಔಷಧಿ ಇದ್ರೆ ಟಯಾಮುಲಿನ್ ಕೊಡ್ಲೇಬೇಡಿ, ಹಂದಿ ಸತ್ತೇ ಹೋಗ್ಬಹುದು. ವ್ಯಾಕ್ಸಿನ್ ಹಾಕಿಸಿದ್ರೆ ಕೆಮ್ಮು ಕಮ್ಮಿ ಆಗುತ್ತೆ, ಸೋಂಕು ಪೂರ್ತಿ ನಿಲ್ಲಲ್ಲ.