ಹುಟ್ಟಿದ ಬೆಕ್ಕಿನ ಮರಿಗಳು ಮೊಲೆ ಹಿಡಿಯುತ್ತಿಲ್ಲ, ಹೇಗೆ ಉಳಿಸಿಕೊಳ್ಳಲಿ?

ಗಂಗಾವತಿಯಿಂದ ಬರೆದಿದ್ದೀರಿ. ಮೊನ್ನೆ ರಾತ್ರಿ ನಿಮ್ಮ ಬೆಕ್ಕು ನಾಲ್ಕು ಮರಿ ಹಾಕಿದೆ. ಎರಡು ಚೆನ್ನಾಗಿ ಕುಡಿಯುತ್ತಿವೆ. ಇನ್ನೆರಡು ಮೂಲೆಯಲ್ಲಿ ಸುಮ್ನೆ ಬಿದ್ದಿವೆ, ಮೈ ಮುಟ್ಟಿದರೆ ತಣ್ಣಗಿದೆ. ಹಸುವಿನ ಹಾಲಿಗೆ ನೀರು ಬೆರೆಸಿ ಡ್ರಾಪರ್‌ನಲ್ಲಿ ಹಾಕುತ್ತಿದ್ದೀರಿ, ಆದರೂ ಚೇತರಿಸಿಕೊಳ್ಳುತ್ತಿಲ್ಲ. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅಂತ ನಿಮ್ಮ ಅತ್ತೆಯವರಿಗೆ ಭಯ.

ಮೊದಲು ಆ ಡ್ರಾಪರ್ ಕೆಳಗಿಡಿ. ತಣ್ಣಗಿರುವ ಮರಿಗೆ ಹಾಲು ಹಾಕಬಾರದು. ಮೈ ಬೆಚ್ಚಗಾಗಲಿ, ಹಾಲು ಆಮೇಲೆ. ಈ ಉತ್ತರದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ನಮ್ಮದು ರಾಯಚೂರು. ಓಣಿಯ ಕೊನೆಗೆ ಅಕ್ಕಿ ಗಿರಣಿ ಇದೆ, ಹಾಗಾಗಿ ಇಲಿಗಳೂ ಜಾಸ್ತಿ, ಬೆಕ್ಕುಗಳೂ ಜಾಸ್ತಿ. ಪ್ರತಿ ವರ್ಷ ಯಾವುದೋ ಒಂದು ಬೆಕ್ಕು ನಮ್ಮ ಮನೆಯ ಗೋಣಿಚೀಲಗಳ ಹಿಂದೆಯೇ ಬಾಣಂತಿಯಾಗುತ್ತದೆ. ಮರಿ ಸೊರಗಿತು ಅಂದರೆ ಓಣಿಯವರು ನಮ್ಮ ಮನೆಗೇ ತರುತ್ತಾರೆ. ತಂದವರೆಲ್ಲ ಹೇಳುವುದು ಒಂದೇ ಮಾತು: "ಎಷ್ಟು ಹಾಲು ಹಾಕಿದ್ರೂ ಕುಡಿವಲ್ದು." ಆ ಮರಿಯನ್ನು ಕೈಗೆ ತೆಗೆದುಕೊಂಡರೆ ಅದು ತಣ್ಣಗೆ ಕೊರೆಯುತ್ತಿರುತ್ತದೆ.

ಕಾರಣ ಇಷ್ಟು. ದೊಡ್ಡ ಬೆಕ್ಕಿನ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹುಟ್ಟಿದ ಮರಿಗೆ ಮೊದಲ ವಾರ 35ರಿಂದ 37 ಅಷ್ಟೇ. ಆ ವಯಸ್ಸಿನಲ್ಲಿ ಅದಕ್ಕೆ ಮೈ ನಡುಗಿಸಿ ಬಿಸಿ ಮಾಡಿಕೊಳ್ಳಲೂ ಬರುವುದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದ ಮರಿಗಳ ಮೈ, ಇವೇ ಅದರ ಒಲೆ. ಮೈ 35ಕ್ಕಿಂತ ಕೆಳಗೆ ಇಳಿಯುತ್ತಾ ಹೋದಂತೆ ಕರುಳಿನ ಕೆಲಸ ನಿಧಾನವಾಗಿ ನಿಂತುಹೋಗುತ್ತದೆ. ಆಗ ಹಾಕಿದ ಹಾಲು ಅರಗದೆ ಹೊಟ್ಟೆಯಲ್ಲೇ ಕೂರುತ್ತದೆ, ಹೊಟ್ಟೆ ಉಬ್ಬುತ್ತದೆ. ನುಂಗುವ ಶಕ್ತಿಯೂ ಕಮ್ಮಿಯಾಗಿರುವುದರಿಂದ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದೂ ಉಂಟು. ಮೊಲೆ ಹುಡುಕುವ ಚುರುಕೂ ಹೋಗುತ್ತದೆ. ಅಂದರೆ ಎಷ್ಟೋ ಸಲ ಮರಿ ಕುಡಿಯದೆ ತಣ್ಣಗಾಗಿರುವುದಿಲ್ಲ, ತಣ್ಣಗಾದ್ದರಿಂದಲೇ ಕುಡಿಯುತ್ತಿರುವುದಿಲ್ಲ. ಬೆಚ್ಚಗಾದ ಕೂಡಲೇ ತಾನಾಗಿಯೇ ತಲೆ ಅಲ್ಲಾಡಿಸುತ್ತಾ ಮೊಲೆ ಹುಡುಕಲು ಶುರು ಮಾಡುವ ಮರಿಗಳೂ ಇವೆ.

ಇಷ್ಟು ಬಿಸಿಲಿನ ಊರಲ್ಲಿ ಮರಿ ಹೇಗೆ ತಣ್ಣಗಾಗುತ್ತದೆ ಅಂತ ನಿಮಗೆ ಅನಿಸಬಹುದು. ಹೊರಗೆ 40 ಡಿಗ್ರಿ ದಾಟಿದ್ದರೂ ನಮ್ಮ ಕಡೆ ಮನೆಯೊಳಗೆ ನೆಲ ಶಹಾಬಾದ್ ಬಂಡೆಯದು, ಬೆಳಗಿನ ಜಾವಕ್ಕೆ ಅದು ಚೆನ್ನಾಗಿ ತಣಿದಿರುತ್ತದೆ. ಮೇಲೆ ಕೂಲರ್‌ನ ಒದ್ದೆ ಗಾಳಿ. ನೀವೂ ಅದೇ ಕೋಣೆಯಲ್ಲಿ ರಾತ್ರಿಯಿಡೀ ಕೂಲರ್ ಹಾಕುತ್ತೇವೆ ಅಂತ ಬರೆದಿದ್ದೀರಿ ಅಲ್ವಾ? ಮರಿಗಳನ್ನು ಆ ಗಾಳಿ ತಾಗದ ಕಡೆಗೆ ಇವತ್ತೇ ಸಾಗಿಸಿ. ಕೆಳಗೆ ಒಂದು ರಟ್ಟಿನ ಡಬ್ಬ, ಅದರೊಳಗೆ ಹಳೇ ಕೌದಿಯ ತುಂಡು ಮಡಚಿ ಹಾಕಿ. ದಾರ ಬಿಟ್ಟಿರುವ ಬಟ್ಟೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ.

ತಣ್ಣಗಿದೆಯೋ ಇಲ್ಲವೋ ನೋಡುವುದಕ್ಕೆ ಕೈ ತೊಳೆದು ಕಿರುಬೆರಳ ತುದಿಯನ್ನು ಮರಿಯ ಬಾಯೊಳಗೆ ಇಡಿ. ಬಾಯಿ ಬೆಚ್ಚಗಿರಬೇಕು, ಬೆರಳನ್ನು ಚೀಪಬೇಕು. ಬಾಯಿಯೇ ತಣ್ಣಗಿದ್ದು ನಾಲಿಗೆ ಅಲುಗದಿದ್ದರೆ ಆ ಮರಿ ಅಪಾಯದಲ್ಲಿದೆ.

ಬಿಸಿ ಮಾಡುವುದಕ್ಕೆ ಕರೆಂಟು ನಂಬಿಕೊಳ್ಳಬೇಡಿ. ನೀರಿನ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಟವೆಲ್ ಸುತ್ತಿ ಡಬ್ಬದ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆ ಆದರೆ ಮರಿ ಆ ಕಡೆ ತೆವಳಬಹುದು. ಆದರೆ ನಿಮ್ಮ ಈ ಎರಡು ಮರಿಗಳಿಗೆ ತೆವಳುವ ಶಕ್ತಿ ಇಲ್ಲ, ಹಾಗಾಗಿ ನೀವೇ ಆಗಾಗ ಮುಟ್ಟಿ ನೋಡಬೇಕು. ಬಾಟಲಿ ಆರಿದರೆ ಅದೇ ಮರಿಯ ಬಿಸಿಯನ್ನು ಹೀರುತ್ತದೆ, ತಪ್ಪದೆ ಬದಲಿಸಿ. ಬಾಣಂತಿ ಕೂಸಿಗೆ ಶಾಖ ಕೊಡುವ ಹಾಗೆ ಅಕ್ಕಿಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಾಲುಚೀಲಕ್ಕೆ ತುಂಬಿ ಗಂಟು ಕಟ್ಟಿದರೂ ನಡೆಯುತ್ತದೆ. ಯಾವುದೇ ಇರಲಿ, ನಿಮ್ಮ ಮೊಣಕೈ ಒಳಭಾಗಕ್ಕೆ ಹಿಡಿದು ನೋಡಿ, ಚುರುಕ್ ಅನ್ನಬಾರದು. ಏನೂ ಸಿಗದಿದ್ದರೆ ನಿಮ್ಮ ಎದೆಗೆ ಅವುಚಿಕೊಂಡು ಸೆರಗು ಹೊದಿಸಿ ಕುಳಿತುಕೊಳ್ಳಿ. ಅವಸರ ಬೇಡ, ಒಂದೆರಡು ತಾಸು ಹಿಡಿಯಲಿ. ಬಿಸಿನೀರಲ್ಲಿ ಅದ್ದುವುದು, ಒಲೆ ಮುಂದೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಇವು ಯಾವುವೂ ಬೇಡ. ಮೊದಲ ವಾರ ಮರಿಗಳ ಸುತ್ತ 30ರಿಂದ 32 ಡಿಗ್ರಿ ಇದ್ದರೆ ಸಾಕು. ತಗಡಿನ ಕೋಣೆಯಾದರೆ ಮಧ್ಯಾಹ್ನ ಇದಕ್ಕೆ ಪೂರಾ ಉಲ್ಟಾ ಸಮಸ್ಯೆ. ಮರಿಗಳು ದೂರ ದೂರ ಬಿದ್ದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಸೆಕೆ, ಬಾಟಲಿ ತೆಗೆದು ತಂಪಾದ ಕೋಣೆಗೆ ಒಯ್ಯಿರಿ.

ಮೈ ಬೆಚ್ಚಗಾಗುತ್ತಿರುವಾಗ ಸ್ವಲ್ಪ ಸಕ್ಕರೆ ಕೊಡಬಹುದು. ಕುಡಿಯದ ಮರಿಗೆ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಕಾಸಿ ಆರಿಸಿದ ನಾಲ್ಕು ಚಮಚ ನೀರಿಗೆ ಅರ್ಧ ಚಮಚ ಗ್ಲೂಕೋಸ್ ಪುಡಿ ಕದಡಿ. ಬೆರಳಿಗೆ ಒಂದು ಹನಿ ತೆಗೆದುಕೊಂಡು ಒಸಡಿಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸವರಿ. ಬಾಯಿಗೆ ಸುರಿಯಬೇಡಿ.

ಈಗ ಹಾಲು. ಎಲ್ಲಕ್ಕಿಂತ ಒಳ್ಳೆಯದು ತಾಯಿಯ ಹಾಲೇ. ಮೊದಲ ದಿನದ ಗಿಣ್ಣದಲ್ಲಿ ರೋಗ ತಡೆಯುವ ಶಕ್ತಿ ಇರುತ್ತದೆ, ಹುಟ್ಟಿದ ಸುಮಾರು 16 ಗಂಟೆಯೊಳಗೆ ಕುಡಿದರೆ ಮಾತ್ರ ಅದು ಮರಿಯ ರಕ್ತಕ್ಕೆ ಸೇರುತ್ತದೆ. ನಿಮ್ಮ ಮರಿಗಳಿಗೆ ಆ ಹೊತ್ತು ಮೀರಿದೆ. ಮೊದಲ ದಿನ ಅವು ಸ್ವಲ್ಪವಾದರೂ ಕುಡಿದಿದ್ದರೆ ಪುಣ್ಯ. ಕುಡಿದಿಲ್ಲ ಅಂತ ಅನುಮಾನವಿದ್ದರೆ ಸೋಂಕು ಬೇಗ ತಗಲುತ್ತದೆ, ಮುಟ್ಟುವ ಮುಂಚೆ ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಯಿರಿ. ಮನೆಯಲ್ಲಿ ಬೇರೆ ಬೆಕ್ಕು, ನಾಯಿಗಳಿದ್ದರೆ ದೂರ ಇಡಿ.

ಬೆಕ್ಕಿಗೆ ಸಾಮಾನ್ಯವಾಗಿ ಎಂಟು ಮೊಲೆ. ಮರಿಗಳು ಹಿಂದಿನ ಮೊಲೆಗಳಿಗೇ ಮುಗಿಬೀಳುತ್ತವೆ, ಗಟ್ಟಿಯಾದವು ಸೊರಗಿದವನ್ನು ತಳ್ಳಿಬಿಡುತ್ತವೆ. ಅದಕ್ಕೆ ಹೀಗೆ ಮಾಡಿ. ತಾಯಿ ಮಲಗಿರುವಾಗ ಗಟ್ಟಿ ಮರಿಗಳನ್ನು ಹತ್ತು ಹದಿನೈದು ನಿಮಿಷ ಬೆಚ್ಚಗಿನ ಬುಟ್ಟಿಯಲ್ಲಿ ಪಕ್ಕಕ್ಕೆ ಇಡಿ, ತಾಯಿಗೆ ಕಾಣುವ ಹಾಗೇ ಇರಲಿ. ಬೆಚ್ಚಗಾದ ಸಣ್ಣ ಮರಿಯನ್ನು ಹಿಂದಿನ ಮೊಲೆಯ ಹತ್ತಿರ ತನ್ನಿ. ಮೊಲೆಯನ್ನು ಬುಡದಿಂದ ಮೆಲ್ಲಗೆ ಒತ್ತಿ, ತುದಿಯಲ್ಲಿ ಒಂದು ಹನಿ ಬಂದರೆ ಅದನ್ನು ಮರಿಯ ತುಟಿಗೆ ತಾಗಿಸಿ. ಕೆಲವು ಮರಿಗಳು ಮೂಗು ಉಜ್ಜುತ್ತಾ ಮೊಲೆ ದಾಟಿ ಹೋಗುತ್ತವೆ, ಮತ್ತೆ ತಿರುಗಿಸಿ ತಂದು ಹಿಡಿಸಿ. ಮೊಲೆ ಸರಿಯಾಗಿ ಹಿಡಿಯಿತು ಅಂದರೆ ನಾಲಿಗೆ ದೋಣಿಯಾಗಿ ಮೊಲೆಯನ್ನು ಸುತ್ತುತ್ತದೆ. ಮುಂಗಾಲು ತಾಯಿಯ ಹೊಟ್ಟೆಯನ್ನು ಒತ್ತತೊಡಗುತ್ತವೆ. ಪ್ರತಿ ಗುಟುಕಿಗೂ ಆ ಪುಟ್ಟ ಕಿವಿಗಳು ಅಲುಗುತ್ತವೆ. ಕಿವಿ ಅಲುಗುವುದನ್ನು ನೋಡಿದರೆ ನನಗೆ ಇವತ್ತಿಗೂ ಜೀವ ಬಂದ ಹಾಗಾಗುತ್ತದೆ.

ತಾಯಿಯಿಂದ ಆಗಲೇ ಇಲ್ಲ ಅಂದರೆ ಮಾತ್ರ ಕೈಯಿಂದ ಕುಡಿಸಿ. ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನ ಎರಡು ಪಟ್ಟಿಗಿಂತ ಜಾಸ್ತಿ. ಹಸುವಿನ ಹಾಲು ಕುಡಿದ ಮರಿಗೆ ಭೇದಿ ಹತ್ತುತ್ತದೆ, ಭೇದಿಯಲ್ಲಿ ಮೈಯ ನೀರೆಲ್ಲ ಹೋಗುತ್ತದೆ. ನೀರು ಬೆರೆಸಿದರೆ ಸುಲಭವಾಗಿ ಅರಗುತ್ತದೆ ಅಂತ ಹಿರಿಯರು ಹೇಳುವುದು ಒಳ್ಳೆ ಮನಸ್ಸಿನಿಂದಲೇ. ಆದರೆ ಆಗ ಮರಿಗೆ ಸಿಗುವ ಸತ್ವ ಇನ್ನೂ ಕಮ್ಮಿ ಆಗುತ್ತದೆ. ಮಕ್ಕಳ ಪುಡಿ ಹಾಲೂ ಇದಕ್ಕೆ ಸಾಲುವುದಿಲ್ಲ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಪೆಟ್ ಶಾಪ್‌ಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ತರಿಸಬಹುದು. ಅದು ಬರುವ ತನಕ ಒಂದೆರಡು ದಿನದ ಮಟ್ಟಿಗೆ ಕಾಸಿ ಆರಿಸಿದ ಆಡಿನ ಹಾಲು, ನೀರು ಬೆರೆಸದೆ. ನಿಮ್ಮ ಕಡೆ ಆಡಿನ ಹಾಲಿಗೆ ಬರ ಇಲ್ಲ. ಓಣಿಯಲ್ಲಿ ಇನ್ನೊಂದು ಬಾಣಂತಿ ಬೆಕ್ಕು ಇದ್ದರೆ ಇನ್ನೂ ಒಳ್ಳೆಯದು, ಬೆಕ್ಕುಗಳು ಬೇರೆಯವರ ಮರಿಗೂ ಹಾಲು ಕೊಡುತ್ತವೆ.

ಕುಡಿಸುವಾಗ ಮರಿಯನ್ನು ಕೂಸಿನ ಹಾಗೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗೆ ಮಾಡಿ, ತಾಯಿಯ ಹತ್ತಿರ ಮಲಗುವ ಹಾಗೇ ಮಲಗಿಸಿ, ಗದ್ದ ಸ್ವಲ್ಪ ಮೇಲೆ ಇರಲಿ. ಮೆಡಿಕಲ್‌ನಲ್ಲಿ ಸಿಗುವ 1 ಎಂಎಲ್ ಸಿರಿಂಜಿನ ಸೂಜಿ ತೆಗೆದು ಬಿಸಾಕಿ, ಅದರಲ್ಲಿ ಕುಡಿಸಿ. ಡ್ರಾಪರ್‌ಗಿಂತ ಇದರಲ್ಲಿ ಎಷ್ಟು ಹೋಯಿತು ಅಂತ ಲೆಕ್ಕ ಸಿಗುತ್ತದೆ. ಉಗುರುಬೆಚ್ಚಗಿನ ಹಾಲು, ಬಾಯಿಯ ಪಕ್ಕದಿಂದ ಹನಿ ಹನಿಯಾಗಿ, ಅದು ನುಂಗಿದ ಮೇಲೆ ಮುಂದಿನ ಹನಿ. 100 ಗ್ರಾಂ ತೂಕದ ಮರಿಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 4 ಎಂಎಲ್. ನಿಮ್ಮವು ಸೊರಗಿವೆ, 1ರಿಂದ 2 ಎಂಎಲ್‌ನಿಂದ ಶುರು ಮಾಡಿ, ಎರಡು ತಾಸಿಗೊಮ್ಮೆ, ರಾತ್ರಿಯೂ ಸೇರಿ. ಮನೆಯವರು ಪಾಳಿ ಹಾಕಿಕೊಳ್ಳಿ, ಒಬ್ಬರಿಂದ ಆಗುವ ಕೆಲಸ ಅಲ್ಲ ಇದು. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ ಮೂಗು ಒರೆಸಿ. ಪ್ರತಿ ಸಲವೂ ಹಾಗೇ ಬರುತ್ತಿದ್ದರೆ ಟಾರ್ಚ್ ಹಿಡಿದು ಬಾಯಿಯ ಮೇಲ್ಭಾಗ ನೋಡಿ, ಅಂಗುಳ ಸೀಳಿರಬಹುದು. ಆಗ ಡಾಕ್ಟರೇ ನೋಡಬೇಕು.

ಇನ್ನೊಂದು ಕೆಲಸ ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ. ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಮಾಡಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿ ನೆಕ್ಕದ ಮರಿಗೆ ನೀವೇ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ತಟ್ಟಿ, ಪ್ರತಿ ಸಲ ಹಾಲಾದ ಮೇಲೆ. ಉಚ್ಚೆ ತಿಳಿಯಾಗಿದ್ದರೆ ಸರಿ. ಗಾಢ ಹಳದಿ ಇದ್ದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ನಾಲ್ಕೂ ಮರಿಗಳನ್ನು ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಹುಟ್ಟಿದಾಗ 100 ಗ್ರಾಂ ಆಸುಪಾಸು ಇರುತ್ತವೆ, ದಿನಕ್ಕೆ 10 ಗ್ರಾಂನಷ್ಟಾದರೂ ಏರಬೇಕು, ಎರಡು ವಾರಕ್ಕೆ ಎರಡು ಪಟ್ಟು ಆಗಬೇಕು. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿ ಹೇಳಿಬಿಡುತ್ತದೆ.

ಅತ್ತೆಯವರಿಗೆ ಹೇಳಿ, ಮನೆಯಲ್ಲಿ ಸಾಕಿದ ಬೆಕ್ಕು ನಿಮ್ಮ ಕೈ ವಾಸನೆಗೆ ಮರಿ ಬಿಡುವುದಿಲ್ಲ. ಅದಕ್ಕೆ ನಿಮ್ಮ ವಾಸನೆ ಮೊದಲೇ ಗೊತ್ತು. ಆದರೆ ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಓಣಿಯ ಮಕ್ಕಳೆಲ್ಲ ಬಂದು ಇಣುಕಿದರೆ ಬೆಕ್ಕು ಹೆದರಿ ಮರಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಏಳು ಮನೆ ತಿರುಗಿಸುತ್ತದೆ ಅನ್ನುವುದು ಅದಕ್ಕೇ. ಕತ್ತಲು, ಸದ್ದಿಲ್ಲದ ಮೂಲೆ, ನೋಡಿಕೊಳ್ಳುವವರು ಒಬ್ಬಿಬ್ಬರೇ ಆದರೆ ಸಾಕು. ತಣ್ಣಗಾಗಿ ಅಲುಗದೆ ಬಿದ್ದ ಮರಿಯನ್ನು ತಾಯಿ ಎಷ್ಟೋ ಸಲ ದೂರ ತಳ್ಳುತ್ತದೆ. ಬೆಚ್ಚಗೆ ಮಾಡಿ ವಾಪಸ್ ಇಟ್ಟರೆ, ಅದು ಕೂಗಲು ಶುರು ಮಾಡಿದರೆ, ಮತ್ತೆ ನೆಕ್ಕಿಕೊಳ್ಳುವುದನ್ನು ನೋಡಿದ್ದೇನೆ.

ತಾಯಿಯನ್ನೂ ನೋಡಿ. ಒಂದೆರಡು ಮರಿ ಮಾತ್ರ ಸೊರಗಿದರೆ ತೊಂದರೆ ಮರಿಯಲ್ಲಿರಬಹುದು, ನಾಲ್ಕೂ ಸೊರಗಿ ಕೂಗುತ್ತಿದ್ದರೆ ತಾಯಿಯಲ್ಲಿ ಹುಡುಕಿ. ಮೊಲೆ ಕೆಂಪಾಗಿ ಗಟ್ಟಿಯಾಗಿ ಬಿಸಿಯಾಗಿದೆಯಾ, ಹಿಂದಿನಿಂದ ಕೆಟ್ಟ ವಾಸನೆಯ ಸ್ರಾವ ಇದೆಯಾ, ಊಟ ಬಿಟ್ಟಿದೆಯಾ? ಇವೆಲ್ಲ ಡಾಕ್ಟರ ಹತ್ತಿರ ಹೋಗಬೇಕಾದವು. ಹಾಲು ಕುಡಿಸುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ ಬೇಕು. ಬರೀ ಹಾಲು ಅನ್ನ ಹಾಕಿದರೆ ಆಗುವುದಿಲ್ಲ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಮೀನು, ಮೊಟ್ಟೆ ಕೊಡಿ, ಪಕ್ಕದಲ್ಲೇ ನೀರಿಡಿ. ನಿಮ್ಮ ಮನೆಯಲ್ಲಿ ಮಾಂಸ ಮಾಡದಿದ್ದರೆ ಅಂಗಡಿಯ ಬೆಕ್ಕಿನ ಮರಿ ಆಹಾರವನ್ನೇ ತಾಯಿಗೆ ಹಾಕಿ.

ದಯವಿಟ್ಟು ಆ ಮೂಲೆಯನ್ನು ಡೆಟಾಲ್, ಫಿನೈಲ್ ಹಾಕಿ ಒರೆಸಬೇಡಿ. ಬೆಕ್ಕಿನ ಮೈಗೆ ಅವು ವಿಷ. ಚಿಗಟ ಇದ್ದರೆ ಪುಡಿ ಹಾಕದೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ. ಒಸಡು ಬೆಳ್ಳಗಾಗಿದ್ದರೆ ಚಿಗಟ ರಕ್ತ ಹೀರಿದೆ ಅಂತಲೂ ಇರಬಹುದು. ಪ್ಯಾರಾಸಿಟಮಾಲ್ ಒಂದು ಹನಿಯೂ ಬೇಡ, ತಾಯಿಗೂ ಬೇಡ.

ಬೆಚ್ಚಗಾದ ಮೇಲೂ ಚೀಪದಿದ್ದರೆ, ಉಸಿರಿಗೆ ಬಾಯಿ ತೆರೆಯುತ್ತಿದ್ದರೆ, ತೂಕ ಇಳಿದರೆ ಕಾಯಬೇಡಿ. ತಾಲೂಕಿನ ಪಶು ಆಸ್ಪತ್ರೆಗೆ ಹೋಗಿ, ಹೋಗಲು ದಾರಿ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ. ಆ ಸಂಚಾರಿ ಪಶು ಚಿಕಿತ್ಸಾ ಗಾಡಿಗಳು ಹೆಚ್ಚಾಗಿ ದನ, ಕುರಿಗಳಿಗೆಂದು ಇರುವುದು, ಆದರೂ ಕೇಳುವುದಕ್ಕೆ ಸಂಕೋಚ ಬೇಡ. ಡಾಕ್ಟರ್ ಚರ್ಮದ ಕೆಳಗೆ ದ್ರವ ಕೊಟ್ಟರೆ ಎದ್ದು ಕೂರುವ ಮರಿಗಳಿವೆ. ಮರಿಗಳ ಜೊತೆ ತಾಯಿಯನ್ನೂ ಒಯ್ಯಿರಿ, ಬುಟ್ಟಿಯಲ್ಲಿ ಬಿಸಿನೀರಿನ ಬಾಟಲಿ ಇರಲಿ, ಬಿಸಿಲೇರುವ ಮೊದಲೇ ಹೊರಡಿ.

ಎಲ್ಲ ಸರಿಯಾಗಿ ಮಾಡಿದರೂ ಕೆಲವು ಉಳಿಯುವುದಿಲ್ಲ, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೊದಲ ಎರಡು ವಾರ ಬಹಳ ನಾಜೂಕು. ಆದರೆ ಹುಟ್ಟಿ ಎರಡು ದಿನವಾದರೂ ಈ ಎರಡು ಮರಿಗಳು ಇನ್ನೂ ಜೀವ ಹಿಡಿದಿವೆ, ಇನ್ನೂ ಹೊತ್ತು ಮೀರಿಲ್ಲ.

ಈಗ ನೀರು ಕಾಯಲು ಇಡಿ. ಬೆಚ್ಚಗಾದ ಮೇಲೆ ಬೆರಳು ಚೀಪುತ್ತವೋ ಇಲ್ಲವೋ, ಎರಡರ ತೂಕ ಎಷ್ಟು, ತಾಯಿಯ ಮೊಲೆಯಲ್ಲಿ ಹಾಲು ಬರುತ್ತಿದೆಯೋ ಇಲ್ಲವೋ ಇಷ್ಟು ಇಲ್ಲೇ ಬರೆಯಿರಿ. ರಾತ್ರಿ ಎಷ್ಟು ಹೊತ್ತಾದರೂ ಸರಿ, ನೋಡುತ್ತೇನೆ.