ಅವ್ವನಿಗೆ ಮಲ ತಡೆಯಲು ಆಗುತ್ತಿಲ್ಲ, ಇದಕ್ಕೆ ಕರುಳಿನ ಬ್ಯಾಕ್ಟೀರಿಯಾ ಕಾರಣವೇ?

ಸಿಂಧನೂರಿನಲ್ಲಿರುವ ನಿಮ್ಮ ಅವ್ವನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ, ಸಂಡಾಸಿಗೆ ಹೋಗುವಷ್ಟರಲ್ಲಿ ಸೀರೆಗೆ ಆಗಿಬಿಡುತ್ತದೆ, ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಔಷಧಿ) ಕೊಟ್ಟರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಹೆರಿಗೆ ವಾರ್ಡಿನ ನರ್ಸ್.

ಬ್ಯಾಕ್ಟೀರಿಯಾದ ಪಾತ್ರ ಇರಬಹುದು. ನಾವು ತಿಂದ ನಾರು ಜೀರ್ಣವಾಗದೆ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲ ಮಾಡುತ್ತವೆ. ಕರುಳು ನೀರು, ಉಪ್ಪು ಹೀರಿಕೊಳ್ಳಲು ಅದರಿಂದ ಸಹಾಯ ಆಗುತ್ತದೆ. ಪಿತ್ತದ ಆಮ್ಲಗಳನ್ನೂ ಇವೇ ಬದಲಿಸುತ್ತವೆ, ಆ ಆಮ್ಲ ಜಾಸ್ತಿಯಾದರೆ ಮಲ ನೀರಾಗುತ್ತದೆ. ತೆಳು ಮಲವನ್ನು ತಡೆಯುವುದು ಯಾರಿಗಾದರೂ ಕಷ್ಟ, ಅಲ್ವಾ? ಆದರೆ ಊಟ, ಮಾತ್ರೆ, ವಯಸ್ಸು, ಭೇದಿ ಎಲ್ಲವೂ ಬ್ಯಾಕ್ಟೀರಿಯಾವನ್ನು ಬದಲಿಸುತ್ತವೆ. ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಅಂತ ಬಿಡಿಸುವುದು ಸುಲಭವಲ್ಲ. ಸುಮ್ನೆ ದುಬಾರಿ ಪ್ರೊಬಯಾಟಿಕ್ ಮೇಲೆ ದುಡ್ಡು ಸುರಿಯಬೇಡಿ.

ಮೊದಲು ಅವ್ವನ ಹೆರಿಗೆಗಳ ಬಗ್ಗೆ ಕೇಳಿ. ಕೂಸು ದಪ್ಪ ಇತ್ತಾ? ಕೂಸನ್ನು ಎಳೆಯಲು ಫೋರ್ಸೆಪ್ಸ್ (ಇಕ್ಕಳ) ಹಾಕಿದ್ದರಾ? ಕೆಳಗೆ ಹರಿದಿತ್ತಾ, ಹೊಲಿಗೆ ಹಾಕಿದ್ದರಾ? ಗುದದ ಸುತ್ತ ಎರಡು ಸ್ನಾಯುಗಳಿವೆ. ಒಳಗಿನದು ತಾನಾಗಿ ಬಿಗಿಯಾಗಿರುತ್ತದೆ, ಹೊರಗಿನದನ್ನು ನಾವು ಬಿಗಿಹಿಡಿಯುತ್ತೇವೆ. ಹೆರಿಗೆಯಲ್ಲಿ ಅವು ಹರಿದಿದ್ದರೂ ಹರೆಯದಲ್ಲಿ ಗೊತ್ತಾಗದೇ ಇರಬಹುದು. ಮುಟ್ಟು ನಿಂತು ಮೈ ಸೊರಗಿದ ಮೇಲೆ ತೊಂದರೆ ಶುರುವಾಗುತ್ತದೆ. ನಮ್ಮ ಕಡೆ ಹೆಂಗಸರು ಇದನ್ನು ಗಂಡನಿಗೂ ಹೇಳುವುದಿಲ್ಲ. ಬಸ್ ಹತ್ತುವುದು ಬಿಡುತ್ತಾರೆ, ಮದುವೆ, ಜಾತ್ರೆ ಬಿಡುತ್ತಾರೆ, ಹೊರಗೆ ಹೋಗುವ ದಿನ ಉಪವಾಸ ಇರುತ್ತಾರೆ. ನನಗೆ ಇದು ತುಂಬಾ ಸಂಕಟದ ವಿಷಯ, ಯಾಕೆಂದರೆ ಇದಕ್ಕೆ ಚಿಕಿತ್ಸೆ ಇದೆ. ಡಾಕ್ಟರು ತಾವಾಗಿ ಕೇಳುವುದು ಕಡಿಮೆ. ಬಾಯಿಬಿಟ್ಟು ನೀವೇ ಹೇಳಬೇಕು.

ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದಾರಾ ನೋಡಿ. ಅದರಿಂದ ಕೆಲವರಿಗೆ ಭೇದಿ ಆಗುತ್ತದೆ. ನೀವಾಗಿ ನಿಲ್ಲಿಸಬೇಡಿ, ಮಾತ್ರೆ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಬಹಳ ವರ್ಷದಿಂದಿದ್ದರೆ ನರಗಳೂ ಸೋತಿರಬಹುದು.

ಇಸಬ್‌ಗೋಲ್ ಅಗ್ಗ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ನೀರು ಹೀರಿಕೊಂಡು ಮಲಕ್ಕೆ ಆಕಾರ ಕೊಡುತ್ತದೆ. ಸೋರುವುದು ಕಡಿಮೆಯಾಗುತ್ತದೆ ಅಂತ ಪರೀಕ್ಷೆಗಳಲ್ಲೂ ಕಂಡಿದೆ. ಸ್ವಲ್ಪದಿಂದ ಶುರು ಮಾಡಿ, ಜೊತೆಗೆ ನೀರು ಚೆನ್ನಾಗಿ ಕುಡಿಸಿ. ಜೋಳದ ರೊಟ್ಟಿ ಬಿಡಿಸಬೇಡಿ. ಚಹಾ, ಮಿರ್ಚಿ ಕಡಿಮೆ ಮಾಡಿ ನೋಡಿ. ಹೂಸು ತಡೆಯುವ ಹಾಗೆ ಗುದವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ದಿನಾ ಮಾಡಿಸಿ. ಫಲ ಕಾಣಲು ತಿಂಗಳುಗಳೇ ಬೇಕು.

ಭೇದಿ ನಿಲ್ಲಿಸುವ ಮಾತ್ರೆಯನ್ನು ಮಾತ್ರ ಕೇಳದೆ ಕೊಡಬೇಡಿ. ಒಳಗೆ ಗಟ್ಟಿ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ನೀರು ಸೋರುವುದೂ ಉಂಟು. ಹಾಗಿದ್ದರೆ ಆ ಮಾತ್ರೆಯಿಂದ ಇನ್ನೂ ಕೆಡುತ್ತದೆ. ರಕ್ತ ಬಿದ್ದರೆ, ತೂಕ ಇಳಿದರೆ ತಡ ಮಾಡಬೇಡಿ. ರಾಯಚೂರಿನ ಸರಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಸರ್ಜರಿ ಅಥವಾ ಸ್ತ್ರೀರೋಗ ಒಪಿಡಿಗೆ ಕರೆದುಕೊಂಡು ಬನ್ನಿ. ಅವ್ವನಿಗೆ ನಾಚಿಕೆ ಆದರೆ ಒಳಗೆ ನೀವೂ ಹೋಗಿ, ಹೆರಿಗೆಯ ವಿಷಯ, ಮಾತ್ರೆಗಳ ಹೆಸರು, ಯಾವಾಗ ಸೋರುತ್ತದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.